ನನ್ನ ಬ್ಯಾಟರಿಯನ್ನು ತಿಂದವರು

ನನ್ನ ಮುಖವಿದ್ದ ಗುಂಡು ಚಿತ್ರ, ಕಡಲೆಕಾಳಿನಷ್ಟು ದೊಡ್ಡದು, ನಾಲೆಯ ನೀಲಿ ಗೆರೆಯ ನಡುಮಧ್ಯೆ ನಿಂತಿತ್ತು. ಸೇತುವೆಯ ಮೇಲಲ್ಲ, ಸೇತುವೆಯಿಂದ ಒಂದು ಕೂದಲೆಳೆ ಎಡಕ್ಕೆ, ನೀರಿನ ಮೇಲೆ. ಅಪ್ಪನ ಮೊಬೈಲಿನ ಮ್ಯಾಪಿನಲ್ಲಿ ನಾನು ಅಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಅಲುಗದೆ ಹಾಗೇ ಇದ್ದೆ. ಅದೇ ಹೊತ್ತಿನಲ್ಲಿ ನಾಗಮಂಗಲದ ಕಾಲೇಜೊಂದರ ಮೇಲಂತಸ್ತಿನಲ್ಲಿ, ಪರೀಕ್ಷೆ ಬರೆಯುತ್ತಿದ್ದ ಹುಡುಗಿಯರಿಗೆ ಹೆಚ್ಚುವರಿ ಹಾಳೆ ಹಂಚುತ್ತಿದ್ದೆ.

ನಮ್ಮ ಮನೆ ಬಾಬುರಾಯನಕೊಪ್ಪಲಿನಲ್ಲಿ. ನಾನು ನಾಗಮಂಗಲದಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಶ್ರೀರಂಗಪಟ್ಟಣಕ್ಕೆ ಹೋಗಿ ಬಸ್ಸು ಬದಲಿಸಿದರೆ ಪಾಂಡವಪುರ, ಜಕ್ಕನಹಳ್ಳಿ ದಾಟಿ ಕಾಲೇಜು ಸೇರಬಹುದು. ಕೆಲಸ ಸಿಕ್ಕಾಗ ಅಪ್ಪ ಒಂದು ವಾರ ಮಾತಾಡಲಿಲ್ಲ. ಕೊನೆಗೆ ಚಿಕ್ಕಪ್ಪ ಮಧ್ಯೆ ಬಂದು ಸಂಧಾನ ಮಾಡಿಸಿದರು. ನಮ್ಮ ಮನೆಯಲ್ಲಿ ಫೋನಿನ ವಿದ್ಯೆ ಗೊತ್ತಿರುವವರು ಅವರೇ. ನನ್ನ ಮೊಬೈಲು ಇಸಿದುಕೊಂಡು ಏನೇನೋ ಒತ್ತಿ, ನಾನು ಎಲ್ಲಿದ್ದರೂ ಅಪ್ಪನ ಫೋನಿನ ಮ್ಯಾಪಿನಲ್ಲಿ ಕಾಣುವಂತೆ ಮಾಡಿದರು.

"ದೊಡ್ಡದೇನಲ್ಲ ಕಣವ್ವ. ನೀನೆಲ್ಲಿದ್ದೀಯ ಅಂತ ಗೊತ್ತಾಯ್ತದೆ, ಅಷ್ಟೆ."

ಅಷ್ಟೆ ಎನ್ನುವುದು ಎಷ್ಟು ಎಂದು ನಾನು ಆಗ ಕೇಳಲಿಲ್ಲ. ಕೆಲಸಕ್ಕೆ ಹೋಗುವುದು ಮುಖ್ಯವಾಗಿತ್ತು.

ನನ್ನ ಫೋನು ಎಂ.ಎಸ್ಸಿ. ಓದುವಾಗ ಕೊಂಡದ್ದು. ಎಲ್ಲ ಲಿಥಿಯಂ ಬ್ಯಾಟರಿಗಳ ಹಾಗೆ ಅದಕ್ಕೂ ವಯಸ್ಸಾಗುತ್ತಿತ್ತು. ಆದರೆ ನನ್ನ ಲೆಕ್ಕಾಚಾರಕ್ಕೆ ಮೀರಿ, ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಕೆಂಪಗಾಗಿ ಗೋಗರೆಯತೊಡಗಿತು. ಸಿಬ್ಬಂದಿ ಕೊಠಡಿಯಲ್ಲಿ ಕೆಲಸ ಮಾಡುವ ಪ್ಲಗ್ಗು ಒಂದೇ. ಅದರಲ್ಲಿ ಹಿರಿಯ ಉಪನ್ಯಾಸಕರೊಬ್ಬರ ನೀರು ಕಾಯಿಸುವ ಕೆಟಲು ಬೆಳಿಗ್ಗೆ ಕೂತರೆ ಸಂಜೆಗೇ ಏಳುವುದು. ಹಿಂತಿರುಗುವ ಬಸ್ಸಿನಲ್ಲಿ ನನ್ನ ಫೋನು ಸತ್ತಿರುತ್ತಿತ್ತು. ಮನೆಯಲ್ಲಿ ಪ್ರಶ್ನೆ ಕಾದಿರುತ್ತಿತ್ತು.

"ದಿನವೆಲ್ಲ ಅದ್ರೊಳಗೇನ್ ನೋಡ್ತಾ ಕೂತಿರ್ತೀಯವ್ವ, ಅಂಗೆ ಖಾಲಿಯಾಗೋಕೆ?"

ಅಪ್ಪ ಕೇಳಿದ್ದು ಅಷ್ಟೇ. ತಮ್ಮ ಸುಮ್ಮನಿರಲಿಲ್ಲ. "ರೀಲ್ಸು ಕಣಪ್ಪ. ಅಕ್ಕ ಮೇಡಮ್ಮಾಗಿ ಮಕ್ಕಳಿಗೆ ರೀಲ್ಸ್ ಪಾಠ ಮಾಡ್ತಾವ್ಳೆ."

ನಾನು ರೀಲ್ಸ್ ನೋಡುವವಳಲ್ಲ. ನೋಡಿದರೂ ಅದು ಯಾರಿಗೂ ಸಂಬಂಧಿಸಿದ್ದಲ್ಲ. ಒಂದು ಹೆಣ್ಣಿನ ಫೋನು ಬೇಗ ಖಾಲಿಯಾದರೆ ಅವಳ ನಡತೆಯಲ್ಲಿ ಏನೋ ಸೋರುತ್ತಿದೆ ಎಂದು ನಮ್ಮಲ್ಲಿ ಅರ್ಥ. ಗಂಡಸಿನದು ಖಾಲಿಯಾದರೆ ಬ್ಯಾಟರಿ ವೀಕು.

ಒಂದು ಭಾನುವಾರ ಫೋನು ಹಿಡಿದು ಕೂತೆ. ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳುವ ಮಾತನ್ನೇ ನನಗೂ ಹೇಳಿಕೊಂಡೆ: ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡ, ಒಂದೊಂದನ್ನೇ ಬದಲಿಸಿ ನೋಡು. ಪರದೆಯ ಬೆಳಕು ತಗ್ಗಿಸಿದೆ. ಮುಟ್ಟದೆ ಬಿಟ್ಟರೆ ಪರದೆ ಬೇಗ ಆರುವಂತೆ ಮಾಡಿದೆ. ಅಕ್ಷರ ಒತ್ತಿದಾಗೆಲ್ಲ ಗುರ್ ಎನ್ನುವ ಕಂಪನವನ್ನು ತೆಗೆದೆ. ಜಕ್ಕನಹಳ್ಳಿಯಿಂದ ಆಚೆಗೆ ಸಿಗ್ನಲ್ಲು ತೆಳುವಾಗುವ ಕಡೆ, ಇಲ್ಲದ ಫೈವ್ ಜಿ ಟವರನ್ನು ಹುಡುಕಿಕೊಂಡು ಫೋನು ಬೆಚ್ಚಗಾಗುತ್ತಿತ್ತು. ಅದನ್ನು ಫೋರ್ ಜಿಗೆ ಇಳಿಸಿದೆ. ಪ್ರತಿಯೊಂದರಿಂದಲೂ ಸ್ವಲ್ಪ ಸ್ವಲ್ಪ ಉಳಿಯಿತು. ಆದರೂ ಸೋರಿಕೆ ನಿಲ್ಲಲಿಲ್ಲ.

ಆಮೇಲೆ, ಯಾವ ಆ್ಯಪ್ ಎಷ್ಟು ವಿದ್ಯುತ್ತು ತಿಂದಿದೆ ಎಂದು ತೋರಿಸುವ ಪುಟ ತೆರೆದೆ. ಅದನ್ನು ಮೊದಲೇ ನೋಡಬಹುದಿತ್ತು. ಎಲ್ಲಕ್ಕಿಂತ ಮೇಲೆ, ಉಳಿದವನ್ನೆಲ್ಲ ಕುಬ್ಜ ಮಾಡಿ ಮ್ಯಾಪು ಕೂತಿತ್ತು. ನಾನು ಅದನ್ನು ತೆರೆದೇ ತಿಂಗಳುಗಳಾಗಿದ್ದವು. ಪರದೆ ಆರಿದ್ದಾಗಲೂ, ನಾನು ಪಾಠ ಮಾಡುವಾಗಲೂ, ಊಟ ಮಾಡುವಾಗಲೂ ಅದು ಹಿನ್ನೆಲೆಯಲ್ಲಿ ಎಚ್ಚರವಾಗಿದ್ದು, ನಾನಿರುವ ಜಾಗವನ್ನು ಬಾಬುರಾಯನಕೊಪ್ಪಲಿಗೆ ವರದಿ ಮಾಡುತ್ತಿತ್ತು. ನನ್ನ ಫೋನಿನಲ್ಲಿ ಅತಿ ಹೆಚ್ಚು ದುಡಿಯುತ್ತಿದ್ದದ್ದು ನಾನಲ್ಲ. ಏನ್ ನೋಡ್ತೀಯ ಎಂದು ದಿನಾ ಕೇಳುತ್ತಿದ್ದವರೇ ನನ್ನನ್ನು ನೋಡಿ ನೋಡಿ ಅದನ್ನು ಖಾಲಿ ಮಾಡುತ್ತಿದ್ದರು.

ಕೋಪ ಬಂದಾಗ ನನಗೆ ಮಾತು ಬರುವುದಿಲ್ಲ, ಕೈ ಓಡುತ್ತದೆ. ಬ್ಯಾಟರಿ ಸೇವರನ್ನು ಒತ್ತಿದೆ. ಅದು ಚಾಲೂ ಇದ್ದಾಗ, ಪರದೆ ಆರಿದ ಕೂಡಲೇ ಜಾಗ ತಿಳಿಸುವ ಕೆಲಸವೂ ನಿಲ್ಲುತ್ತದೆ. ಮತ್ತೆ ಪರದೆ ಬೆಳಗಿದಾಗಷ್ಟೇ ಹೊಸ ಸುದ್ದಿ. ಇದನ್ನು ನಾನು ಮುಚ್ಚಿಡಲಿಲ್ಲ. ನಮ್ಮ ರಸಗೊಬ್ಬರದ ಅಂಗಡಿಗೆ ಹೊರಟು ನಿಂತಿದ್ದ ಅಪ್ಪನಿಗೆ ಹೇಳಿದೆ: "ಇನ್ಮೇಲೆ ಮ್ಯಾಪು ನಿಂತು ನಿಂತು ತೋರಿಸ್ತದೆ. ಗಾಬರಿ ಆಗ್ಬೇಡ."

"ಹೂಂ," ಎಂದರು, ಚಪ್ಪಲಿ ಹುಡುಕುತ್ತ.

ಪರೀಕ್ಷೆಯ ದಿನ ಬಸ್ಸು ಪಾಂಡವಪುರದ ಹತ್ತಿರ ನಾಲೆಯ ಸೇತುವೆ ದಾಟುವಾಗ ನನಗೆ ಯಾವ ಕೊಠಡಿ ಎಂದು ಕಾಲೇಜಿನಿಂದ ಸಂದೇಶ ಬಂತು. ಪರದೆ ಬೆಳಗಿಸಿ ನೋಡಿ, ಪರೀಕ್ಷೆಯೆಂದು ಕರೆ ಬಂದರೂ ಸದ್ದು, ಬೆಳಕು ಬರದಂತೆ ಮಾಡಿ, ಆರಿಸಿ, ಫೋನನ್ನು ಚೀಲಕ್ಕೆ ಹಾಕಿದೆ. ಚೀಲವನ್ನು ಸಿಬ್ಬಂದಿ ಕೊಠಡಿಯ ಬೀರುವಿನಲ್ಲಿಟ್ಟು ಪರೀಕ್ಷೆಗೆ ಹೋದೆ. ಪರೀಕ್ಷಾ ಕೊಠಡಿಗೆ ಯಾರೂ ಫೋನು ಒಯ್ಯುವಂತಿಲ್ಲ.

ಮುಂದಿನದು ತಮ್ಮನ ಬಾಯಿಂದ ತಿಳಿದದ್ದು. ಅವನು ಅದನ್ನು ಚಪ್ಪರಿಸಿಕೊಂಡೇ ಹೇಳಿದ.

ಅಂಗಡಿಯಲ್ಲಿ ಅಪ್ಪ ಮ್ಯಾಪು ತೆರೆದಿದ್ದರಂತೆ. ಯೂರಿಯಾ ಕೊಳ್ಳಲು ಬಂದಿದ್ದ ಪಾಂಡವಪುರದ ಕಡೆಯ ರೈತರೊಬ್ಬರು ಇಣುಕಿ ನೋಡಿ, "ಅಣ್ಣೋ, ಇದು ನಮ್ಮೂರ ನಾಲೆ ಕಣಣ್ಣ. ಯಾರಿವ್ಳು, ನಾಲೆ ಒಳಗವ್ಳೆ?" ಎಂದರಂತೆ.

ಚಿತ್ರದ ಕೆಳಗೆ, ಇದು ಒಂದು ಗಂಟೆ ಹಳೆಯ ಸುದ್ದಿ ಎಂದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು. ಅದನ್ನು ಯಾರೂ ಓದಲಿಲ್ಲ. ಫೋನಿನ ವಿದ್ಯೆ ಬಲ್ಲ ಚಿಕ್ಕಪ್ಪ ಎರಡು ಬೆರಳಿನಿಂದ ಮ್ಯಾಪನ್ನು ಹಿಗ್ಗಿಸಿದರು. ಹಿಗ್ಗಿಸಿದಷ್ಟೂ ನೀರು ಅಗಲವಾಯಿತು. ನಾನು ನೀರಿನಲ್ಲೇ ಇದ್ದೆ.

ಬೇರೆ ಯಾವ ಊರಿನವರಾದರೂ ಮ್ಯಾಪು ಕೆಟ್ಟಿದೆ ಎಂದುಕೊಳ್ಳುತ್ತಿದ್ದರೇನೋ. ನಮ್ಮವರಿಗೆ ಆ ಯೋಚನೆ ಬರುವುದೇ ಇಲ್ಲ. ನಮ್ಮ ಕಡೆ ನಾಲೆ ಎಂದರೆ ಗದ್ದೆಗೆ ನೀರೂ ಹೌದು, ಏರಿಯ ಮೇಲೆ ತಿರುವು ತಪ್ಪಿ ನೀರಿಗುರುಳಿದ ಗಾಡಿಯೂ ಹೌದು. ಆ ಭಯವನ್ನು ನಾನು ಹಂಗಿಸುವುದಿಲ್ಲ. ನಾಲೆ ತುಂಬಿ ಹರಿಯುವಾಗ ಬಸ್ಸಿನ ಕಿಟಕಿಯಲ್ಲಿ ನಾನೂ ಉಸಿರು ಹಿಡಿಯುತ್ತೇನೆ. ಅಮ್ಮ ನಿಮಿಷಾಂಬೆಗೆ ಹರಕೆ ಹೊತ್ತು ದೇವರ ಮನೆಯ ಹೊಸಿಲ ಮೇಲೆ ಕೂತರಂತೆ. ಅಪ್ಪ ಮೇಲಿಂದ ಮೇಲೆ ಫೋನು ಮಾಡಿದರು. ಅದು ಬೀರುವಿನೊಳಗೆ ಸದ್ದೂ ಬೆಳಕೂ ಇಲ್ಲದೆ ಬಿದ್ದಿತ್ತು.

ಚಿಕ್ಕಪ್ಪ, ತಮ್ಮ, ಬೀದಿಯ ನಾಲ್ಕಾರು ಗಂಡಸರು ಬೈಕು ಹತ್ತಿದರು. ಹಗ್ಗ ತೆಗೆದುಕೊಂಡು ಹೋದರು. ನಾಲೆ ಏರಿಯ ಮೇಲೆ ನಮ್ಮವರು ನೋಡುವುದನ್ನೆಲ್ಲ ನೋಡಿದರು: ಚಕ್ರದ ಗುರುತು, ಮುರಿದ ಬೇಲಿ, ಜರುಗಿದ ತಡೆಗಲ್ಲು. ಏನೂ ಕಾಣಲಿಲ್ಲ. ತೂಬಿನ ಹತ್ತಿರ ನೀರು ಬಿಡುವ ನೀರುಗಂಟಿ ಕೂತಿದ್ದರು. ಚಿಕ್ಕಪ್ಪ ಅವರನ್ನು ಹಿಡಿದುಕೊಂಡರು.

"ಬಸ್ಸೇನಾರ ಬಿತ್ತಾ ಇಲ್ಲಿ?"

"ಬಸ್ಸು ಬಿದ್ದಿದ್ರೆ ನಾನಿಂಗೆ ಬೀಡಿ ಸೇದ್ಕೊಂಡು ಕೂತಿರ್ತಿದ್ನಾ? ಯಾರ್ಲಾ ಇವ್ರು, ಹಗ್ಗ ಹಿಡ್ಕೊಂಡ್ ಬಂದವ್ರೆ!"

"ನಮ್ಮುಡುಗಿ ಇದ್ರಲ್ಲವ್ಳೆ ಅಂತ ಫೋನು ತೋರುಸ್ತಾ ಐತೆ."

"ಅಂಗಾರೆ ಫೋನನ್ನೇ ನೀರಿಗಿಳಿಸಿ ಹುಡುಕುಸ್ಕೊಳಿ, ಓಗಿ."

ನಾಲೆಯಲ್ಲಿ ನಾನಿಲ್ಲ ಎಂದು ಖಾತ್ರಿಯಾದಾಗ ಅವರಿಗೆ ಸಮಾಧಾನವಾಯಿತು ಎಂದುಕೊಂಡರೆ ತಪ್ಪು. ಬೈಕಿನಲ್ಲಿದ್ದ ಒಬ್ಬರು ಗಂಟಲು ಸರಿಮಾಡಿಕೊಂಡರಂತೆ: "ನೀರಲ್ಲಿಲ್ಲ, ಫೋನೂ ಎತ್ತಲ್ಲ ಅಂದ್ರೆ... ಜೊತೆಗೆ ಯಾರಾನ ಓಡಾಡ್ತಿದ್ರಾ?" ಅಲ್ಲಿಂದ ಆ ಮಾತು ಬೈಕಿಗಿಂತ ಬೇಗ ಓಡಿತು. ಊಟದ ಹೊತ್ತಿಗೆ ಕೆ.ಆರ್. ಪೇಟೆಯಲ್ಲಿರುವ ಸೋದರತ್ತೆಗೆ ತಲುಪಿತು, ಅಲ್ಲಿಂದ ಅವರ ಇಡೀ ಬೀದಿಗೆ.

ನಾನು ಮುಳುಗಿರಬಹುದಿತ್ತು, ಇಲ್ಲವೇ ಓಡಿಹೋಗಿರಬಹುದಿತ್ತು. ಕೆಲಸ ಮಾಡುತ್ತಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಕಾಲೇಜಿಗೊಂದು ಫೋನು ಮಾಡೋಣ ಎಂದು ಒಬ್ಬರೂ ಅನ್ನಲಿಲ್ಲ. ಎರಡು ವರ್ಷದಿಂದ ಪ್ರತಿದಿನ ಆ ಮನೆಯಿಂದ ಹೊರಟು ನಾನು ಹೋಗುತ್ತಿದ್ದ ಜಾಗ ಅವರಿಗೆ ಮ್ಯಾಪಿನ ಒಂದು ತುದಿಯಾಗಿತ್ತೇ ಹೊರತು, ಗುಮಾಸ್ತರೂ ಗೋಡೆಯ ಫೋನೂ ಇರುವ ಒಂದು ಕಚೇರಿಯಾಗಿರಲಿಲ್ಲ.

ಪರೀಕ್ಷೆ ಮುಗಿಸಿ ಬಂದು ಫೋನು ತೆಗೆದರೆ ಪರದೆಯ ತುಂಬ ಮಿಸ್ಡ್ ಕಾಲ್. ಬ್ಯಾಟರಿ ಮಾತ್ರ ಚೆನ್ನಾಗಿ ಉಳಿದಿತ್ತು. ಅಪ್ಪನಿಗೆ ಫೋನು ಮಾಡಿದೆ. ಅವರು ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟರು.

ಸಂಜೆ ಮನೆ ತಲುಪುವಷ್ಟರಲ್ಲಿ ಸೋದರತ್ತೆ ಕೆ.ಆರ್. ಪೇಟೆಯಿಂದ ಬಂದು ಹಾಲ್‌ನಲ್ಲಿ ಕಾಲು ಚಾಚಿ ಕೂತಿದ್ದರು. ಅಮ್ಮ ಬಾಗಿಲಲ್ಲೇ ನನ್ನ ಕೈ, ಭುಜ, ಕೆನ್ನೆ ಎಲ್ಲ ಮುಟ್ಟಿ ನೋಡಿದರು. ಒದ್ದೆ ಇದೆಯೇ ಎಂದು ನೋಡುವವರ ಹಾಗೆ. ನನಗೆ ಅಳು ಬಂತು. ಅತ್ತೆಯ ಎದುರು ಅಳಬಾರದು ಎಂದು ನುಂಗಿದೆ.

"ನಮ್ ಬೀದಿಯೋರೆಲ್ಲ ಕೇಳ್ತಾವ್ರೆ ಕಣೆ, ನಿಮ್ಮಣ್ಣನ ಮಗ್ಳು ಸಿಕ್ಕುದ್ಲಾ ಅಂತ," ಎಂದರು ಅತ್ತೆ. "ನಾನ್ಯಾವ ಮುಖ ಇಟ್ಕೊಂಡ್ ವಾಪಸ್ ಓಗ್ಲಿ?"

"ಸಿಕ್ಕಿದ್ಳು ಅನ್ನಿ. ಪರೀಕ್ಷೆ ನಡೆಸ್ತಿದ್ಳು ಅನ್ನಿ."

"ನೋಡು, ನೋಡು, ಬಾಯಿ ನೋಡು!"

ಚಿಕ್ಕಪ್ಪ ತಲೆ ಅಲ್ಲಾಡಿಸಿದರು. "ಬ್ಯಾಟ್ರಿ ಉಳಿಸೋಕೋಗಿ ಮಾನ ಕಳೆದ್ಬುಟ್ಯಲ್ಲವ್ವ."

ಅಲ್ಲಿಯವರೆಗೆ ತಗ್ಗಿದ್ದ ನನ್ನ ದನಿ ತಾನಾಗಿ ಮೇಲೇರಿತು. ಫೋನು ತೆಗೆದು, ವಿದ್ಯುತ್ತಿನ ಆ ಪುಟವನ್ನು ಅವರ ಮುಖದ ಮುಂದೆ ಹಿಡಿದೆ. ಇಷ್ಟು ನಾನು ಬಳಸಿದ್ದು, ಇಷ್ಟು ನೀವು ತಿಂದದ್ದು ಎಂದೆ. ಹೋದ ತಿಂಗಳು ತಮ್ಮ ಕನ್ನಂಬಾಡಿಗೆ ಹೋದವನು ಫೋನು ಸತ್ತು ಮಾರನೆಯ ದಿನ ಬಂದಾಗ ಯಾರು ಹಗ್ಗ ಹಿಡಿದು ಹೊರಟಿದ್ದಿರಿ ಎಂದು ಕೇಳಿದೆ. ನನ್ನ ಜಾಗ ಎಲ್ಲರಿಗೂ ಕಾಣಬೇಕೆಂದರೆ ಎಲ್ಲರ ಜಾಗವೂ ನನಗೆ ಕಾಣಲಿ, ಈಗಲೇ ಒತ್ತಿ ಎಂದೆ.

"ಗಂಡಸ್ರುದೆಲ್ಲ ಯಾಕವ್ವ ನಿಂಗೆ?" ಚಿಕ್ಕಪ್ಪ ನಿಜಕ್ಕೂ ಆಶ್ಚರ್ಯಪಟ್ಟರು.

ತಮ್ಮ ಮೆಲ್ಲಗೆ ತನ್ನ ಫೋನನ್ನು ಜೇಬಿಗೆ ಇಳಿಸಿದ.

ಅಪ್ಪ ಅಷ್ಟು ಹೊತ್ತೂ ನೆಲ ನೋಡುತ್ತಿದ್ದರು. "ಸಾಕು ಬುಡು. ಇವತ್ತು ನಾನು ಪಟ್ಟಿದ್ದು ನಂಗೇ ಗೊತ್ತು. ನಾಳೆಯಿಂದ ಕಾಲೇಜು ಬ್ಯಾಡ."

ಚಿಕ್ಕಪ್ಪ ಮತ್ತೆ ಸಂಧಾನಕ್ಕೆ ನಿಂತರು. ಒಳಗಿನಿಂದ ಒಂದು ಪವರ್ ಬ್ಯಾಂಕ್ ತಂದು ನನ್ನ ಮುಂದಿಟ್ಟರು. ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಯಷ್ಟೇ ಭಾರ. "ಇದನ್ನ ಚೀಲದಲ್ಲಿ ಮಡಿಕ್ಕೊ. ಆ ಸೇವರ್ರು ಗೀವರ್ರು ತೆಗೆದ್ಬುಡು. ಬ್ಯಾಟ್ರಿನೂ ಇರ್ತದೆ, ನೀನೂ ಕಾಣ್ತಿರ್ತೀಯ. ಅಣ್ಣ, ಇದಾದ್ರೆ ಕಳಿಸ್ತೀಯ ತಾನೆ?"

"ಇದಾದ್ರೆ ಓಗ್ಲಿ," ಎಂದರು ಅಪ್ಪ. "ಇಲ್ದಿದ್ರೆ ಇಲ್ಲ."

ಅವರು ಅದನ್ನು ಔದಾರ್ಯವೆಂದೇ ನಂಬಿದ್ದರು. ನನ್ನನ್ನು ಕಾಯುವ ಖರ್ಚಿಗೆ ನನ್ನ ಬ್ಯಾಟರಿ ಸಾಲದು. ಆದ್ದರಿಂದ ಎರಡನೆಯ ಬ್ಯಾಟರಿಯನ್ನು ನಾನೇ ಹೊತ್ತು ತಿರುಗಬೇಕು. ದಿನಾ, ಪಾಂಡವಪುರದ ಮೇಲೆ ಹಾದು, ಪುಸ್ತಕಗಳ ಜೊತೆಗೆ. ಒಪ್ಪಿದರೆ ಕೆಲಸ ಉಳಿಯುತ್ತಿತ್ತು. ನನಗೆ ಆ ಕೆಲಸ ಬೇಕಿತ್ತು. ಕರಿ ಹಲಗೆಯ ಮುಂದೆ ನಿಂತಾಗಿನ ನನ್ನ ದನಿ ಬೇಕಿತ್ತು. ಅದು ಮನೆಯಲ್ಲಿ ಯಾರೂ ಕೇಳಿರದ ದನಿ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಊಟ ಮಾಡಿ ಮಲಗಿದೆ. ನಾನು ಒಪ್ಪಿದೆ ಎಂದು ಎಲ್ಲರೂ ತಿಳಿದುಕೊಂಡರು. ನನ್ನ ಮೌನವನ್ನು ಆ ಮನೆ ಯಾವಾಗಲೂ ತನಗೆ ಅನುಕೂಲವಾಗಿ ಓದಿಕೊಂಡಿದೆ.

ಮಾರನೆಯ ಬೆಳಿಗ್ಗೆ ಎಂದಿನ ಹೊತ್ತಿಗೆ ಎದ್ದು ಸ್ನಾನ ಮಾಡಿ ಸೀರೆ ಉಟ್ಟೆ. ಅಪ್ಪ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಎದುರಿಗೆ ಕೂತು, ಅವರು ನೋಡುತ್ತಿರುವಂತೆಯೇ ನನ್ನ ಫೋನಿನಲ್ಲಿ ಜಾಗ ತೋರಿಸುವುದನ್ನು ಪೂರ್ತಿ ನಿಲ್ಲಿಸಿದೆ. ಆಮೇಲೆ ಅವರ ಫೋನು ಕೇಳಿ ಪಡೆದು, ಕಾಲೇಜು ಕಚೇರಿಯ ನಂಬರನ್ನು ಹಾಕಿ, 'ಮಗಳ ಕಾಲೇಜು' ಎಂದು ಬರೆದು ವಾಪಸ್ ಕೊಟ್ಟೆ.

"ಕಚೇರಿ ತೆಗೆದ ಮೇಲೆ ಮಾಡು ಅಪ್ಪ. ಗುಮಾಸ್ತರು ಎತ್ತುತ್ತಾರೆ. ಬಂದವ್ಳಾ ಅಂತ ಕೇಳು, ಹೇಳ್ತಾರೆ."

"ನಿಮ್ ಚಿಕ್ಕಪ್ಪ ನಿಂಗೇ ಅಂತ ಅದನ್ನ ಮಡಗವ್ನಲ್ಲ," ಎಂದರು ಅಪ್ಪ, ಗೂಡಿನಲ್ಲಿ ಚಾರ್ಜಿಗಿಟ್ಟಿದ್ದ ಪವರ್ ಬ್ಯಾಂಕಿನ ಕಡೆ ನೋಡುತ್ತ.

"ಅದು ಅವರ್ಗೇ ಇರ್ಲಿ."

ಅಪ್ಪ ಕಾಫಿ ಲೋಟ ಕೆಳಗಿಟ್ಟರು. ತಡೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅಮ್ಮ ಬುತ್ತಿ ಡಬ್ಬಿ ತಂದು ಕೈಗಿಟ್ಟರು. ನಾನು ನಡೆದು ಹೋಗಿ ಶ್ರೀರಂಗಪಟ್ಟಣದ ಬಸ್ಸು ಹಿಡಿದೆ. ಅಲ್ಲಿ ಇಳಿದು, ನಾಗಮಂಗಲದ ಬಸ್ಸು ಹತ್ತಿ, ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ, ಇಳಿಯುವ ಊರು ಹೇಳಿದೆ.