ಟಾಕಿಗೆ ಉಡಿ ತುಂಬಿದ್ದು

ಗುಡ್ಡದ ಬುಡದ ಆ ಊರಿಗೆ ನಾನು ಹೋಗುತ್ತಿದ್ದದ್ದು ಗದಗಿನ ಒಂದು ಸಣ್ಣ ಸಂಸ್ಥೆಯ ಕೆಲಸಕ್ಕೆ. ಗ್ರಾಮಾಭಿವೃದ್ಧಿ ಎಂದು ಅದರ ಹೆಸರು. ಬೆಟಗೇರಿಯ ಮನೆಯಲ್ಲಿ ಮಗ್ಗದ ಮುಂದೆ ಕೂತ ಅಪ್ಪ, "ಊರ ಉದ್ಧಾರ ಆಮ್ಯಾಲ, ಮೊದಲ ನಿಂದು ನೋಡ್ಕೊ" ಎಂದು ಚುಡಾಯಿಸುತ್ತಿದ್ದ. ಮುಂಡರಗಿಯಲ್ಲಿ ಬಸ್ಸಿಳಿದು, ಸಿಕ್ಕ ಟಂಟಂ ಹತ್ತಿ ಊರು ಮುಟ್ಟುವಷ್ಟರಲ್ಲಿ ತಲೆಯೆಲ್ಲ ಕೆಮ್ಮಣ್ಣು.

ಊರಿನ ಬೋರುಗಳು ಕೈಕೊಟ್ಟಿದ್ದವು. ಬೇಸಿಗೆಯಲ್ಲೂ ಬತ್ತದ ಸೆಲೆಯೊಂದು ಗುಡ್ಡದೊಳಗಿತ್ತು. ಆದರೆ ಗುಡ್ಡ ಕಾಯ್ದಿಟ್ಟ ಅರಣ್ಯ. ಕೊಡ ಹೊತ್ತು ಹೋಗಿಬರಬಹುದು, ನೆಲ ಅಗೆಯುವಂತಿಲ್ಲ. ಅಲ್ಲಿನ ಗಾರ್ಡ್ ಕೆಟ್ಟವನೇನಲ್ಲ. "ಎಷ್ಟರ ಹೊತ್ಕೊಂಡು ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಸಲಿಕಿ ಹಚ್ಚಿದ್ರ ಮಾತ್ರ ನನ್ನ ನೌಕರಿ ಹೋಗತೈತ್ರಿ" ಎನ್ನುತ್ತಿದ್ದ. ಹೊರುವವರೆಲ್ಲ ಹೆಂಗಸರೇ. ಆ ಊರಿನ ಗಂಡಸರು ಬಾಯಾರಿ ಸತ್ತಾರು, ಕೊಡ ಮುಟ್ಟಲಾರರು.

ನಾನು ಊಟಕ್ಕೆ ಕೂಡುತ್ತಿದ್ದ ಮನೆಯಾಕೆ ಆ ಇಳಿಜಾರಿನಲ್ಲೇ ಕೊಡದ ಸಮೇತ ಜಾರಿ ಬಿದ್ದು ಸೊಂಟ ಕಳೆದುಕೊಂಡಿದ್ದಳು. ಅಂದಿನಿಂದ ನೀರು ಮಗಳ ಪಾಲಿಗೆ. ಹುಡುಗಿ ಏಳನೇ ಇಯತ್ತೆ ಮುಗಿಸಿದ್ದಳು, ಊರ ಶಾಲೆ ಅಲ್ಲಿಗೇ ನಿಲ್ಲುತ್ತದೆ. ಮುಂಡರಗಿಯ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿತ್ತು. "ಮನಿ ಮುಂದ ನಳ ಬಂದ್ರ ಕಳಸ್ತೇನ್ರಿ ಅಕ್ಕಾರ" ಎಂದಳು ತಾಯಿ. "ಇಷ್ಟು ದೂರಿಂದ ಹೊರೂದು ತಪ್ಪಿದ್ರ, ಉಳದಿದ್ದು ನಾ ಹೆಂಗರ ಮಾಡ್ಕೋತೇನಿ." ತಾನು ಓದದವಳು ಹೀಗೆಂದಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಊರವರೇ ಕಲ್ಲು ಹೊತ್ತು ಓಣಿಯಲ್ಲಿ ಆಳೆತ್ತರದ ನೀರಿನ ಟಾಕಿ ಕಟ್ಟಿ, ನಳ ಕೂಡಿಸಿದರು. ಅರಣ್ಯದ ಗಡಿಯವರೆಗೆ ಪೈಪೂ ಹೂತೆವು. ಅಲ್ಲಿಂದ ಸೆಲೆಯವರೆಗಿನ ತುಂಡಿಗೆ ಪರವಾನಗಿ ಬರಬೇಕಿತ್ತು. ಅಷ್ಟರಲ್ಲಿ ನಮ್ಮ ಸಂಸ್ಥೆಯ ಹಿರಿಯರು ಉದ್ಘಾಟನೆ ಇಟ್ಟುಕೊಂಡರು. ಅರಣ್ಯ ಇಲಾಖೆಯ ಸಾಹೇಬರು ಕಣ್ಣಾರೆ ನೋಡಿದರೆ ಪರವಾನಗಿ ಜಲ್ದಿ ಆಗುತ್ತದಂತೆ. ನಾನೂ ನಂಬಿದೆ.

ಉದ್ಘಾಟನೆಯ ಹಿಂದಿನ ದಿನ ಓಣಿಯ ಮುದುಕಿಯೊಬ್ಬಳು ತಕರಾರು ತೆಗೆದಳು. "ಬರೇ ಟಾಕಿಗೆ ಉಡಿ ತುಂಬಾಕ ಬರಂಗಿಲ್ಲ. ಒಳಗ ಗಂಗವ್ವ ಇರಬೇಕು." ಬಸುರಿಗೆ, ತವರಿಗೆ ಬಂದ ಮಗಳಿಗೆ ಅಕ್ಕಿ, ಕಾಯಿ, ಕುಬಸದ ಕಣದ ಬಟ್ಟೆ ಕೊಟ್ಟು ಉಡಿ ತುಂಬುವ ಹಾಗೆ ಹೊಸ ನೀರಿಗೂ ತುಂಬಬೇಕು, ಒಣಗಿದ ಟಾಕಿಗೆ ತುಂಬಿದರೆ ಊರಿಗೇ ಅಪಶಕುನ. ಮರುದಿನ ಹೊತ್ತು ಹುಟ್ಟುವ ಮೊದಲೇ ಹೆಂಗಸರೆಲ್ಲ ಸಾಲಾಗಿ ಗುಡ್ಡದಿಂದ ಇಳಿದರು. ಒಬ್ಬೊಬ್ಬರೂ ಕಲ್ಲು ಹತ್ತಿ ಟಾಕಿಗೆ ಸುರಿದರು. ಹುಡುಗಿ ಎಲ್ಲರಿಗಿಂತ ಹೆಚ್ಚು ಸಲ ಹೋಗಿ ಬಂದಳು. ನಳಕ್ಕೆ ಹಸಿರು ಕಣ ಕಟ್ಟಿ, ಅರಿಷಿಣ ಹಚ್ಚಿ, ಹಾಡು ಹೇಳಿದರು.

ಸಾಹೇಬರು ಬಂದು ನಳ ತಿರುವಿದರು. ನೀರು ಬಂತು. ಚಪ್ಪಾಳೆ, ಫೋಟೋ. ನೀರು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ಯಾರೂ ಸುಳ್ಳು ಹೇಳಲೂ ಇಲ್ಲ. ಸಂಜೆಯೊಳಗೆ ಟಾಕಿ ಬರಿದಾಯಿತು.

ಪರವಾನಗಿ ಕೇಳಲು ಹೋದರೆ ಅರಣ್ಯ ಕಚೇರಿಯ ಮನುಷ್ಯ ಮೊಬೈಲಿನಲ್ಲಿ ಆ ಫೋಟೋ ತೋರಿಸಿದ. "ನೀರ ಬಂದೈತಲ್ರಿ. ಮುಗದ ಕೆಲಸಕ್ಕ ಮತ್ತ್ಯಾಕ ಪರವಾನಗಿ?" ಫೋಟೋದಲ್ಲಿ ಸಾಹೇಬರ ಹಿಂದೆ ನಗುತ್ತ ನಿಂತವಳು ನಾನೇ. ಉಡಿ ತುಂಬುವ ಕತೆಯನ್ನೆಲ್ಲ ಹೇಳಿದೆ. "ಪೂಜಿ ಸಲುವಾಗಿ ಟಾಕಿಗೆ ನೀರ ಹೊತ್ತಾರಂದ್ರ ಯಾರ ನಂಬ್ತಾರ್ರಿ?" ಎಂದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಕೂಗಾಡಿದೆ. ಅವನು ಒಂದು ಲೋಟ ನೀರು ತರಿಸಿ ನನ್ನ ಮುಂದೆ ಇಡಿಸಿದ. ನಮ್ಮ ಸಂಸ್ಥೆಯವರೂ ಆ ಊರು ಮುಗಿಯಿತೆಂದು ನನ್ನನ್ನು ಶಿರಹಟ್ಟಿಯ ಕಡೆ ಹಾಕಿದರು. ಇನ್ನು ಯಾರ ಬಾಗಿಲು ಬಡಿಯಬೇಕೋ ತಿಳಿಯಲಿಲ್ಲ. ಜೂನಿನಲ್ಲಿ ಹಾಸ್ಟೆಲ್ ಸೀಟು ಬೇರೆಯವರ ಪಾಲಾಯಿತು.

ಮರುವರ್ಷ ಅದೇ ಹೊತ್ತಿಗೆ ರಜೆ ಹಾಕಿ ಹೋದೆ. ಹೆಂಗಸರು ಮತ್ತೆ ಟಾಕಿಗೆ ನೀರು ಸುರಿಯುತ್ತಿದ್ದರು!

"ಯಾಕ್ರಬೇ, ಇನ್ನೂ ಯಾಕ ಹೊರತೀರಿ?" ಎಂದೆ.

"ಒಮ್ಮಿ ಉಡಿ ತುಂಬಿದ ಮ್ಯಾಲ ಬಿಡಾಕ ಬರತೈತೇನ್ರಿ?" ಎಂದಳು ಹುಡುಗಿಯ ತಾಯಿ, ಗೋಡೆ ಹಿಡಿದು ನಿಂತುಕೊಂಡೇ.

ಪೂಜೆ ಮುಗಿಯುತ್ತಲೇ ಹುಡುಗಿ ನಳದ ಕೆಳಗೆ ಕೊಡ ಇಟ್ಟಳು. ಬೆಳಿಗ್ಗೆ ತಾನೇ ಹೊತ್ತು ತಂದ ನೀರು. "ಇವತ್ತೊಂದಿನ ಮತ್ತ ಗುಡ್ಡ ಹತ್ತೂದು ತಪ್ಪಿತ್ರಿ ಅಕ್ಕಾರ" ಎಂದು ನಕ್ಕಳು. ಆಮೇಲೆ ಮೆಲ್ಲಗೆ, "ಮುಂಡರಗಿ ಹಾಸ್ಟೆಲ್‌ನ್ಯಾಗ ದಿನಾ ಹಿಂಗ ನಳ ತಿರುವಿದ್ರ ಸಾಕಂತಲ್ರಿ. ಖರೆ ಏನ್ರಿ?"

"ಖರೆ" ಎಂದೆ.

ಅವಳು ಒಂದು ಹನಿಯೂ ಸೋರದಂತೆ ನಳ ಬಿಗಿ ಮಾಡಿ, ತಲೆಯ ಮೇಲೆ ಸಿಂಬಿ ಇಟ್ಟು, ಕೊಡ ಎತ್ತಲು ಕೈ ಹಚ್ಚಿರೆಂದು ನನ್ನನ್ನು ಕರೆದಳು.