ಅನಾನಸ್ ಕಾರಿನ ಮಹಾರಾಜರು

ನೈರೋಬಿಯ ರಸ್ತೆಯಲ್ಲಿ ಎದುರಾದ ಪ್ರತಿಯೊಬ್ಬರಿಗೂ ಅವರು ಕೈ ಬೀಸುತ್ತಿದ್ದರು. ಬೀಸುವುದೆಂದರೆ ನಾವು ನೀವು ಬೀಸುವಂತಲ್ಲ. ಮೊಣಕೈಯನ್ನು ಕಾರಿನ ಕಿಟಕಿಯ ಮೇಲಿಟ್ಟು, ಬೆರಳುಗಳನ್ನು ಜೋಡಿಸಿ, ಮಣಿಕಟ್ಟನ್ನು ಮಾತ್ರ ನಿಧಾನವಾಗಿ ಅತ್ತಿತ್ತ ತಿರುಗಿಸುವುದು. ಮುಸುಕಿನ ಜೋಳ ಸುಡುವ ಹೆಂಗಸರಿಗೆ, ಸ್ಕೂಲ್ ಮಕ್ಕಳಿಗೆ, ಮಟಾಟು ವ್ಯಾನುಗಳ ಬಾಗಿಲಿಗೆ ಜೋತುಬಿದ್ದ ಕಂಡಕ್ಟರುಗಳಿಗೆ, ಎಲ್ಲರಿಗೂ ಅದೇ ಬೀಸು. ಕಂಡಕ್ಟರುಗಳು ವ್ಯಾನಿನ ತಗಡು ಬಡಿದು ‘ಮ್ವಾಲಿಮು!’ ಎಂದು ಕೂಗುತ್ತಿದ್ದರು. ಸ್ವಾಹಿಲಿಯಲ್ಲಿ ಹಾಗೆಂದರೆ ಮೇಷ್ಟ್ರು. ಅವರು ಪಕ್ಕದ ಸೀಟಿನಲ್ಲಿ ಕೂತು ಪ್ರಜೆಗಳನ್ನು ಹರಸುತ್ತಿದ್ದರೆ, ಸ್ಟೀರಿಂಗ್ ಹಿಡಿದ ನಾನು ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿರುತ್ತಿದ್ದೆ. ಏಕೆಂದರೆ ಮ್ವಾಲಿಮು ನನ್ನ ಡ್ರೈವಿಂಗ್ ಮೇಷ್ಟ್ರು. ಜೊತೆಗೆ, ಯುರೋಪಿನ ಒಂದು ಪುಟ್ಟ ದೇಶದ ಸಿಂಹಾಸನಕ್ಕೆ ತಾವೇ ವಾರಸುದಾರರೆಂದು ಹೇಳಿಕೊಳ್ಳುತ್ತಿದ್ದ ರಾಜಕುಮಾರರು.

ಬುರುಡೆಯೇನಲ್ಲ. ಅಲ್ಲಿನ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ನಮ್ಮ ಯಜಮಾನರು ಅಟ್ಲಾಸ್ ಬಿಡಿಸಿ ಆ ದೇಶವನ್ನು ತೋರಿಸಿದ್ದರು, ಹೆಬ್ಬೆರಳಿಟ್ಟರೆ ಮುಚ್ಚಿಹೋಗುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಕ್ರಾಂತಿಕಾರಿಗಳು ರಾಜರನ್ನು ಸಂಸಾರ ಸಮೇತ ಓಡಿಸಿದಾಗ ಈ ಪ್ರಿನ್ಸ್ ಥಿಯೋಡೋರ್ ಇನ್ನೂ ಹಲ್ಲು ಬೀಳುವ ವಯಸ್ಸಿನ ಮಗು. ಊರೂರು ಅಲೆದು, ಕೀನ್ಯಾದಲ್ಲಿ ಕಾಫಿ ತೋಟ ಮಾಡಿದ್ದ ಸೋದರಮಾವನ ಮನೆ ಸೇರಿದರು. ಮಾವನೂ ಹೋದರು, ತೋಟವೂ ಹೋಯಿತು. ನಾವಿದ್ದ ಸೌತ್ ಬಿ ಬಡಾವಣೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ಇವರು ಡ್ರೈವಿಂಗ್ ಸ್ಕೂಲ್ ತೆರೆದರು. ಸ್ಕೂಲೆಂದರೆ ಒಂದೇ ಒಂದು ಹಳೆಯ ನೀಲಿ ಕಾರು. ಬಾಗಿಲ ಮೇಲೆ ಕಿರೀಟ ಬರೆಯಲು ಬೋರ್ಡ್ ಬರೆಯುವವನಿಗೆ ಹೇಳಿದ್ದರಂತೆ. ಆ ಪುಣ್ಯಾತ್ಮ ಕಿರೀಟ ಕಂಡವನಲ್ಲ, ಅನಾನಸ್ ಕಂಡವನು. ಸೌತ್ ಬಿಗೆಲ್ಲ ಅದು ಅನಾನಸ್ ಕಾರು.

ಅವರು ಮಾತಾಡುತ್ತಿದ್ದದ್ದು ನಿಧಾನವಾದ ಇಂಗ್ಲಿಷು, ಒಗ್ಗರಣೆಗೆ ಸ್ವಾಹಿಲಿ. ಕನ್ನಡದಲ್ಲಿ ಹೇಳುವುದಾದರೆ ಅವರ ಪಾಠ ಹೀಗಿರುತ್ತಿತ್ತು: “ಮೇಡಂ, ರೌಂಡ್‌ಅಬೌಟ್ ಅಂದರೆ ಪಾರ್ಲಿಮೆಂಟು. ಒಳಗಿದ್ದವರದೇ ಅಧಿಕಾರ, ಹೊರಗಿದ್ದವರು ಕಾಯಬೇಕು. ಕಾಯುವುದು ಹೇಗೆಂದು ನನ್ನನ್ನು ಕೇಳಿ.” ನಾನು ರಿವರ್ಸ್ ಹೋಗಿ ಯಾರದೋ ಬೇಲಿಗೆ ನುಗ್ಗಿಸಿದಾಗ ಗದರಲೇ ಇಲ್ಲ. ಕೆಳಗಿಳಿದು ಬೇಲಿಯನ್ನು ನೋಡಿ, “ಪರವಾಗಿಲ್ಲ, ನಮ್ಮ ತಾತನೂ ಹೀಗೆಯೇ ಪಕ್ಕದ ದೇಶಕ್ಕೆ ನುಗ್ಗಿದ್ದರು,” ಎಂದರು.

ಕಾಯುವುದೇ ಅವರ ಬಾಳಾಗಿತ್ತು. ತಂದೆ ಸಾಯುವಾಗ, ಜನ ಕರೆದ ದಿನ ಸಿದ್ಧವಾಗಿರು ಎಂದು ಹೇಳಿ ತಮ್ಮ ಪೋಷಾಕನ್ನು ಮಗನ ಕೈಗಿಟ್ಟಿದ್ದರು. ಬಿಳಿ ಕೋಟು, ಚಿನ್ನದ ಗುಂಡಿ, ಭುಜಕ್ಕೆ ಜರಿಯ ಕುಚ್ಚು. ವರ್ಷಕ್ಕೊಮ್ಮೆ ಅದನ್ನು ಗುಜರಾತಿ ದರ್ಜಿಯೊಬ್ಬರ ಹತ್ತಿರ ಒಯ್ದು ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸುತ್ತಿದ್ದರು. “ಸಿಂಹಾಸನ ಕಾಯುತ್ತದೆ ಮೇಡಂ, ಹೊಟ್ಟೆ ಕಾಯುವುದಿಲ್ಲ.” ಮದುವೆಯಾಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ. ಗಿಡಗಳೆಂದರೆ ಪ್ರಾಣ, ಆದರೆ ಎಲ್ಲವೂ ಕುಂಡದಲ್ಲೇ. ನೆಲದಲ್ಲಿ ನೆಟ್ಟರೆ ಬಿಟ್ಟುಹೋಗುವಾಗ ಕಷ್ಟ ಎನ್ನುತ್ತಿದ್ದರು. ಹೇಳುವುದು ನಗುತ್ತಲೇ.

ನಮ್ಮ ಮಾವನವರು ತೀರಿಕೊಂಡ ಮೇಲೆ ಅತ್ತೆ ಮೈಸೂರಿನಿಂದ ನಮ್ಮಲ್ಲಿಗೇ ಬಂದುಬಿಟ್ಟರು. ಬರುವಾಗ ಟ್ರಂಕಿನಲ್ಲಿ ತಮ್ಮ ಪಟ್ಟದ ಗೊಂಬೆಗಳನ್ನೂ ತಂದರು. ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ, ರಾಣಿ. ಆ ನವರಾತ್ರಿಗೆ ಗೊಂಬೆ ಕೂರಿಸಿ, “ರಾಜರ ದರ್ಬಾರು, ಬನ್ನಿ,” ಎಂದು ಮ್ವಾಲಿಮುಗೆ ತಮಾಷೆಗೆ ಹೇಳಿದ್ದೆ. ಸಂಜೆ ಬಾಗಿಲು ತೆಗೆದರೆ ಪೂರ್ತಿ ಪೋಷಾಕಿನಲ್ಲಿ ನಿಂತಿದ್ದಾರೆ!

ಆರಾಮಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಮಗನನ್ನು ಅತ್ತೆ ಎಬ್ಬಿಸಿದರು. “ಏಳೋ, ಮಹಾರಾಜ್ರು ಬಂದಿದಾರೆ.”

“ಅಮ್ಮಾ, ಅವ್ರಿಗೆ ರಾಜ್ಯಾನೇ ಇಲ್ಲ.”

“ಇಲ್ದಿದ್ರೆ ಏನಂತೆ? ನಮ್ಮೂರಲ್ಲಿ ಇದ್ಯಾ? ದಸರಾ ಬಂದ್ರೆ ಸಿಂಹಾಸನ ಜೋಡ್ಸೋದು ಬಿಟ್ಟಿದಾರಾ?”

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮ್ವಾಲಿಮು ಅತ್ತೆಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಕೋಟಿನ ಒಂದು ಗುಂಡಿ ಕಿತ್ತುಬಂದು ಚಕ್ಕುಲಿ ತಟ್ಟೆಗೆ ಬಿತ್ತು. ಆಮೇಲೆ ಮರದ ರಾಜನ ಮುಂದೆ ಬಹಳ ಹೊತ್ತು ನಿಂತರು. ಹಬ್ಬ ಮುಗಿದ ಮೇಲೆ ಇವರ ಗತಿಯೇನು ಎಂದು ಕೇಳಿದರು. ವಿಜಯದಶಮಿಯ ದಿನ ಆರತಿ ಮಾಡಿ ಮಲಗಿಸುತ್ತೇವೆ, ಮೆತ್ತನೆಯ ಬಟ್ಟೆ ಸುತ್ತಿ ಟ್ರಂಕಿನಲ್ಲಿಡುತ್ತೇವೆ, ಮುಂದಿನ ವರ್ಷ ಎಬ್ಬಿಸುತ್ತೇವೆ ಎಂದೆ. “ಕ್ರಾಂತಿ ಇಲ್ಲ, ಗಲಾಟೆ ಇಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅದಾದ ಸ್ವಲ್ಪ ಕಾಲಕ್ಕೇ ಯುರೋಪಿನಲ್ಲಿ ಒಂದೊಂದೇ ಕಮ್ಯುನಿಸ್ಟ್ ಸರ್ಕಾರ ಉರುಳತೊಡಗಿತು. ಅವರ ದೇಶದ್ದೂ ಉರುಳಿತು. ಅಲ್ಲಿನ ಯಾರೋ ಅಭಿಮಾನಿಗಳು ಫೋನ್ ಮಾಡಿ ಬನ್ನಿ ಎಂದರಂತೆ. ಮ್ವಾಲಿಮು ಕುಂಡಗಳನ್ನೆಲ್ಲ ನಮ್ಮ ವರಾಂಡಕ್ಕೆ ಸಾಗಿಸಿ, ಪೋಷಾಕು ಹಿಡಿದು ವಿಮಾನ ಹತ್ತಿದರು. ಅತ್ತೆ ಹಣೆಗೆ ಕುಂಕುಮ ಇಟ್ಟು ಕಳಿಸಿದ್ದರು. ಇವರು ರಾಜರಾದರೆ ನನ್ನ ಟೆಸ್ಟಿನ ಗತಿಯೇನು ಎಂಬುದೊಂದೇ ನನ್ನ ಚಿಂತೆ.

ಒಂದು ತಿಂಗಳಾಗುವ ಮೊದಲೇ ಅನಾನಸ್ ಕಾರು ಗೇಟಿನ ಮುಂದೆ ನಿಂತಿತು. ಕಾಫಿ ಕುಡಿಯುತ್ತ ಎಲ್ಲವನ್ನೂ ಹೇಳಿದರು. “ಜನ ಒಳ್ಳೆಯವರು ಮೇಡಂ. ಹೂ ಕೊಟ್ಟರು, ಊಟ ಹಾಕಿದರು. ರಾಜ ಬೇಕು ಅಂತ ಮಾತ್ರ ಯಾರೂ ಅನ್ನಲಿಲ್ಲ. ಅರಮನೆ ಮ್ಯೂಸಿಯಂ ಆಗಿದೆ. ಟಿಕೆಟ್ ತೆಗೆದುಕೊಂಡು ಹೋದೆ. ಸಿಂಹಾಸನದ ಸುತ್ತ ಹಗ್ಗ ಕಟ್ಟಿದ್ದಾರೆ. ಕಾವಲಿಗಿದ್ದ ಹುಡುಗಿ, ತಾತ, ಹಿಂದೆ ಸರಿಯಿರಿ ಅಂದಳು. ನಿಮಗೆ ರಿವರ್ಸ್ ಕಲಿಸಿದವನಲ್ಲವೇ? ಯಾವ ಬೇಲಿಗೂ ತಾಗದೆ ಹಿಂದೆ ಬಂದೆ.”

ನಾವೆಲ್ಲ ನಕ್ಕೆವು. ಅವರೂ ನಕ್ಕರು, ಆಮೇಲೆ ನಗು ನಿಂತುಹೋಯಿತು. ಪೋಷಾಕಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, “ಇನ್ನು ಕರೆ ಬರುವುದಿಲ್ಲ. ಇದನ್ನೇನು ಮಾಡಲಿ? ಎಸೆದರೆ ಅಪ್ಪನನ್ನು ಎಸೆದ ಹಾಗೆ. ಇಟ್ಟುಕೊಂಡರೆ ಇನ್ನೂ ಕಾಯುತ್ತ ಕೂರಬೇಕು,” ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅತ್ತೆ ಕೈ ಚಾಚಿದರು. “ಕೊಡಿ ಇಲ್ಲಿ. ಮಲಗ್ಸಿಡೋಣ.”

ಪೋಷಾಕಿಗೂ ಒಂದು ಆರತಿಯಾಯಿತು. ಅತ್ತೆ ತಮ್ಮ ಹಳೆಯ ಹತ್ತಿ ಸೀರೆಯಲ್ಲಿ ಅದನ್ನು ಸುತ್ತಿ, ಪಟ್ಟದ ಗೊಂಬೆಗಳ ಪಕ್ಕದಲ್ಲಿಟ್ಟು ಟ್ರಂಕಿನ ಮುಚ್ಚಳ ಹಾಕಿದರು. ಮ್ವಾಲಿಮು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮರುದಿನ ಬೆಳಗ್ಗೆ ಬಂದು ಕುಂಡಗಳನ್ನು ಒಯ್ದವರು, ತಮ್ಮ ಮನೆಯ ಮುಂದೆ ಗುಂಡಿ ತೋಡಿ ಮೊಟ್ಟಮೊದಲ ಬಾರಿಗೆ ಒಂದು ಅವಕಾಡೊ ಗಿಡವನ್ನು ನೆಲದಲ್ಲಿ ನೆಟ್ಟರು.

ಅಲ್ಲಿಂದಾಚೆಗೆ ಪ್ರತಿ ನವರಾತ್ರಿಗೂ ಪೋಷಾಕು ಹೊರಗೆ ಬರುತ್ತಿತ್ತು. ಅದನ್ನು ತೊಟ್ಟು ಅವರು ಹಬ್ಬದ ಸಂಜೆಗಳಲ್ಲಿ ನಮ್ಮ ಆರಾಮಕುರ್ಚಿಯಲ್ಲಿ ಕೂತು ಸುಂಡಲು ತಿನ್ನುತ್ತಿದ್ದರು. ವಿಜಯದಶಮಿಗೆ ತಾವೇ ಮಡಿಸಿ ಅತ್ತೆಯ ಕೈಗೆ ಕೊಡುತ್ತಿದ್ದರು. ನನ್ನ ಲೈಸೆನ್ಸೂ ಆ ನಡುವೆ ಬಂತು. ಟೆಸ್ಟ್ ತೆಗೆದುಕೊಂಡ ಅಧಿಕಾರಿಗೆ ಮ್ವಾಲಿಮು ಸಂತೋಷದಿಂದ ಕೈ ಬೀಸಿದರು.

ಯಜಮಾನರ ಕೆಲಸ ಮುಗಿದು ನಾವು ಮೈಸೂರಿಗೆ ಹೊರಟಾಗ ಟ್ರಂಕು ತೆರೆದು ಪೋಷಾಕನ್ನು ಹಿಂದಿರುಗಿಸಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. “ಎಬ್ಬಿಸಲು ಗೊತ್ತಿರುವ ಊರಿನಲ್ಲೇ ಇರಲಿ, ಮೇಡಂ,” ಎಂದರು. ವಿಮಾನ ನಿಲ್ದಾಣಕ್ಕೆ ಅನಾನಸ್ ಕಾರಿನಲ್ಲೇ ಹೋದೆವು, ಡ್ರೈವ್ ಮಾಡಿದ್ದು ನಾನು. ಒಳಗೆ ಹೋಗುವಾಗ ತಿರುಗಿ ನೋಡಿದರೆ, ಆ ಮಣಿಕಟ್ಟಿನ ಬೀಸು ಇಲ್ಲ. ತೋಳೆತ್ತಿ, ಅಂಗಿ ಪ್ಯಾಂಟಿನಿಂದ ಹೊರಗೆ ಬರುವ ಹಾಗೆ ಬೀಸುತ್ತಿದ್ದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಅವರು ತೀರಿಕೊಂಡ ಸುದ್ದಿ ಬಂದ ವರ್ಷ ನವರಾತ್ರಿಯ ಹಿಂದಿನ ದಿನ ಟ್ರಂಕಿನ ಮುಂದೆ ಕೂತು ಪೋಷಾಕು ತೆಗೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅತ್ತೆಗೆ ಆಗ ಕಣ್ಣು ಅಷ್ಟಕ್ಕಷ್ಟೇ. ಆದರೂ ನಾನು ಹಿಂಜರಿಯುತ್ತಿದ್ದದ್ದು ಗೊತ್ತಾಯಿತು.

“ತೆಗಿಯೇ,” ಎಂದರು. “ಮೇಷ್ಟ್ರು ಹೋದ್ರು ಅಂತ ಮಹಾರಾಜ್ರನ್ನ ಎಬ್ಬಿಸ್ದೇ ಇರೋಕಾಗತ್ತಾ?”