ತಪ್ಪು ಹಾಕಿಕೊಡುವ ಕೆಲಸ

ಕಾಲೇಜಿನ ಎದುರು ಮಹಡಿಯ ಮೇಲೆ ಟೈಪಿಂಗ್ ಅಂಗಡಿ ಇಟ್ಟಿದ್ದಾಕೆಯನ್ನು ವಿದ್ಯಾರ್ಥಿಗಳು ದೀರ್ಘದಕ್ಕ ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ದೀರ್ಘವೂ ಒಂದು ಒತ್ತೂ ಆಕೆಯ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಮದುವೆಗೆ ಮುಂಚೆ ಗಂಡ ಬರೆದ ಪತ್ರವನ್ನೂ ತಿದ್ದಿಯೇ ಒಪ್ಪಿಗೆ ಕೊಟ್ಟವಳು.

ಒಂದು ಮಧ್ಯಾಹ್ನ ಕೊನೆಯ ವರ್ಷದ ಹುಡುಗಿಯೊಬ್ಬಳು ಪೆನ್‌ಡ್ರೈವ್ ಹಿಡಿದು ಬಂದಳು.

"ಅಕ್ಕಾ, ಪ್ರಾಜೆಕ್ಟ್ ವರದಿ, ಹನ್ನೆರಡು ಪುಟ ಇದೆ. ಒಂದು ಮೂವತ್ತು ತಪ್ಪು ಹಾಕಿಕೊಡಿ."

"ತೆಗೀಬೇಕಾ?"

"ಅಲ್ಲಕ್ಕ, ಹಾಕ್ಬೇಕು. ಎಐ ಬರೆದಿದ್ದು. ಇಷ್ಟು ಚೆನ್ನಾಗಿದ್ರೆ ಮೇಷ್ಟ್ರಿಗೆ ಅನುಮಾನ ಬರತ್ತೆ."

"ನೀನೇ ಹಾಕ್ಕೋಬಹುದಲ್ಲ."

"ಯಾವುದು ಸರಿ ಅಂತ ಗೊತ್ತಿದ್ರೆ ತಾನೇ ಅಕ್ಕ ತಪ್ಪು ಹಾಕೋದು?"

ಎಐ ಬಂದ ಮೇಲೆ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು. ಬಂದ ಗಿರಾಕಿಯನ್ನು ಕಳಿಸಲಾರದೆ ದೀರ್ಘದಕ್ಕ ಕೂತಳು. ‘ವಿಶೇಷ’ದ ಹೊಟ್ಟೆ ಸೀಳಿದ ಷ ತೆಗೆದು ಬರೀ ಶ ಹಾಕಿದಳು. ಬೆರಳು ತಾನಾಗಿ ಹೋಗಿ ಮತ್ತೆ ಷ ಒತ್ತಿತು. ಒಂದು ಗಂಟೆಯಲ್ಲಿ ಹಾಕಿದ್ದು ನಾಲ್ಕು ತಪ್ಪು, ತಿದ್ದಿದ್ದು ಐದು. ಐದನೆಯದು ಎಐ ಮಾಡಿದ್ದೆಂದು ತಿಳಿದು ಆಕೆಗೆ ಸ್ವಲ್ಪ ಸಮಾಧಾನವಾಯಿತು.

ಅಷ್ಟರಲ್ಲಿ ವಿಷಯವೂ ಕಣ್ಣಿಗೆ ಬಿತ್ತು. ಬೀದಿ ವ್ಯಾಪಾರಿಗಳ ಬದುಕು, ನಲವತ್ತು ಜನರ ಸಂದರ್ಶನ.

"ಇಷ್ಟೂ ಜನರನ್ನ ಮಾತಾಡಿಸಿದ್ಯಾ?"

"ಅದನ್ನೂ ಎಐನೇ ಬರೀತು ಅಕ್ಕ."

"ಅದು ಯಾವ ಬೀದಿಗೆ ಹೋಗಿತ್ತು?"

ಹುಡುಗಿ ಪೆನ್‌ಡ್ರೈವ್ ತೆಗೆದುಕೊಳ್ಳಲು ಕೈ ಚಾಚಿದಳು.

"ತಪ್ಪು ಅಂದ್ರೆ ಇದು ಕಣಮ್ಮ. ಇದರ ಮೇಲೆ ನಾನು ಇನ್ನೇನು ಹಾಕಲಿ? ಕೆಳಗೆ ಕೊಡೆ ರಿಪೇರಿಯವನು ಕೂತಿದ್ದಾನೆ, ಹೋಗಿ ಮಾತಾಡಿಸು."

ಎರಡು ಗಂಟೆ ಕಳೆದ ಮೇಲೆ ಹುಡುಗಿ ಏಳು ಪುಟ ಗೀಚಿಕೊಂಡು ಹತ್ತಿ ಬಂದಳು. ಕೊಡೆಕಡ್ಡಿ ಚುಚ್ಚಿ ಬೆರಳು ಕೆಂಪಾಗಿತ್ತು.

"ಬೇಸಿಗೆಯಲ್ಲಿ ಅವರು ಬೀಗದ ಕೀ ಮಾಡ್ತಾರಂತೆ ಅಕ್ಕ. ಮತ್ತೆ... ‘ಮೇಲಿನ ಅಂಗಡಿಯಮ್ಮ ನನ್ನ ಬೋರ್ಡಲ್ಲಿ ಎರಡು ಸಲ ತಪ್ಪು ತಿದ್ದಿದ್ಳು, ಅದರಿಂದ ಒಬ್ಬ ಗಿರಾಕಿಯೂ ಹೆಚ್ಚಾಗ್ಲಿಲ್ಲ’ ಅಂದ್ರು. ಇದನ್ನ ಬಿಟ್ಟುಬಿಡ್ಲಾ?"

ದೀರ್ಘದಕ್ಕ ತುಟಿ ಬಿಗಿದು, "ಹೇಳಿದ್ದನ್ನ ಹೇಳಿದ ಹಾಗೆ ಹಾಕ್ಬೇಕು" ಎಂದು ಅದನ್ನೂ ಟೈಪ್ ಮಾಡಿದಳು.

ಆ ವಾರ ಹುಡುಗಿ ಇನ್ನೂ ಹತ್ತು ಜನರನ್ನು ಮಾತಾಡಿಸಿದಳು. ಅವಳ ಕೈಬರಹದಲ್ಲಿ ತಪ್ಪು ಲೆಕ್ಕವಿಲ್ಲದಷ್ಟಿತ್ತು. ದೀರ್ಘದಕ್ಕ ಒಂದನ್ನೂ ಉಳಿಸಲಿಲ್ಲ. ಪರಿಣಾಮವಾಗಿ ಮೇಷ್ಟ್ರು ಅನುಮಾನಪಟ್ಟು ಹುಡುಗಿಯನ್ನು ಕರೆಸಿ ಅರ್ಧ ಗಂಟೆ ಕೆದಕಿದರು. ಕೊಡೆಯವನ ಬಗ್ಗೆ ಅವಳು ಹೇಳತೊಡಗಿದ್ದು ನಿಲ್ಲದೇ ಹೋದಾಗ ಅವರೇ ಸುಸ್ತಾಗಿ ನೂರಕ್ಕೆ ಐವತ್ತೆಂಟು ಕೊಟ್ಟರು.

"ಎಐ ಬರೆದಿದ್ದಕ್ಕೆ ಎಂಬತ್ತು ಬರ್ತಿತ್ತಕ್ಕ" ಎಂದಳು ಹುಡುಗಿ, ಆದರೆ ನಗುತ್ತಿದ್ದಳು.

"ಅದು ಎಐನ ಎಂಬತ್ತು ಕಣೆ. ಇದು ನಿಂದು" ಎಂದು ದೀರ್ಘದಕ್ಕ ಕುರ್ಚಿ ಎಳೆದುಕೊಟ್ಟಳು.